ಶೂನ್ಯಕ್ಕೊಂದು ಪಾತ್ರೆ

ಉಪ್ಪಿನಕಾಯಿ ಜಾಡಿಗೆ ಒದ್ದೆ ಕೈ ಹಾಕಬಾರದೆಂಬುದನ್ನು ನಮಗೆ ಯಾರೂ ಪಾಠವಾಗಿ ಕಲಿಸಿದ್ದಲ್ಲ. ಒಂದು ಸಲ ಹಾಕಿ, ಮಾವಿನ ಹೋಳಿನ ಮೇಲೆ ಬಿಳಿಯ ಬೂಷ್ಟು ಕೂತು, ಮನೆಮಂದಿಯಿಂದೆಲ್ಲ ಬೈಸಿಕೊಂಡ ಮೇಲೆ ಕೈ ತಾನಾಗಿಯೇ ಕಲಿತುಬಿಡುತ್ತದೆ. ಆರ್‌ಪಿಸಿ ಲೇಔಟಿನ ನಮ್ಮ ಅಡುಗೆಮನೆಯಲ್ಲಿ ಒಂದು ಭಾನುವಾರ ಜಾಡಿಯ ಬಾಯಿಗೆ ಬಟ್ಟೆ ಕಟ್ಟುತ್ತಿದ್ದಾಗ, ಕ್ವಾಂಟಮ್ ತಂತ್ರಜ್ಞಾನಕ್ಕೆ ಬೇಕಾಗುವ ಶುಚಿಯನ್ನು ಇದರಿಂದಲೇ ವಿವರಿಸಬಹುದಲ್ಲ ಎಂದು ನನಗೆ ಹೊಳೆಯಿತೆಂದು ನಾನು ಅನೇಕರಿಗೆ ಹೇಳಿದ್ದೇನೆ. ಚೆಂದದ ಮಾತು, ಕೇಳಿದವರೂ ತಲೆದೂಗಿದ್ದಾರೆ. ಆದರೆ ಮೊನ್ನೆ ಹಳೆಯ ದಿನಚರಿ ತೆಗೆದು ನೋಡಿದರೆ ಆ ಉಪಮೆ ನನ್ನದಲ್ಲ, ಒಬ್ಬ ಲೇತು ಕೆಲಸಗಾರನದು. ಅಂದಿನ ಪುಟದಲ್ಲಿ ನನ್ನದೇ ಕೈಬರಹದಲ್ಲಿ ಹೀಗಿದೆ: ‘ಫಕೀರಪ್ಪ ಇದನ್ನು ಉಪ್ಪಿನಕಾಯಿಗೆ ಹೋಲಿಸಿದ. ನನಗಿಂತ ಚೆನ್ನಾಗಿ ಅರ್ಥಮಾಡಿಕೊಂಡಿದ್ದಾನೆ.’ ಹಾಗಾಗಿ, ಓದುಗ ಮಿತ್ರರೇ, ಇಲ್ಲಿಂದ ಮುಂದೆ ಹೇಳುವುದನ್ನೆಲ್ಲ ಆ ಪುಟಗಳನ್ನು ಪಕ್ಕದಲ್ಲಿಟ್ಟುಕೊಂಡೇ ಹೇಳುತ್ತೇನೆ. ನನ್ನ ನೆನಪಿಗೆ ನನ್ನನ್ನೇ ಮೆಚ್ಚಿಸುವ ದುರಭ್ಯಾಸವಿದೆ.

ಇದು ಶುರುವಾದದ್ದು ಒಂದು ಭಾಷಣದಿಂದ. ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವಳು. ರಾಜಾಜಿನಗರದ ಸಣ್ಣ ಉದ್ದಿಮೆದಾರರು ತಿಂಗಳಿಗೊಮ್ಮೆ ಸೇರಿ ಬೋಂಡ ತಿಂದು, ಯಾರದಾದರೂ ಉಪನ್ಯಾಸ ಕೇಳಿ ಹೋಗುವ ರೂಢಿಯಿತ್ತು. ಆ ತಿಂಗಳ ಉಪನ್ಯಾಸ ನನ್ನದು, ವಿಷಯ ‘ಕ್ವಾಂಟಮ್ ಯುಗಕ್ಕೆ ನಮ್ಮ ಸಿದ್ಧತೆ’. ಪರಮಾಣುಗಳಿಂದಲೇ ಲೆಕ್ಕ ಮಾಡುವ ಯಂತ್ರಗಳು ಬರಲಿವೆ, ಬಂದಾಗ ಇಂದಿನ ಬ್ಯಾಂಕುಗಳ ಗುಪ್ತಲಿಪಿಗಳು ತೆರೆದ ಪುಸ್ತಕವಾಗಬಹುದು, ಹೊಸ ಔಷಧಿಗಳೂ ಹೊಸ ಅಳತೆಗೋಲುಗಳೂ ಬರಬಹುದು, ಆದ್ದರಿಂದ ಉದ್ಯಮವೂ ಸಮಾಜವೂ ಈಗಿನಿಂದಲೇ ಸಿದ್ಧವಾಗಬೇಕು ಎಂದು ಮುಕ್ಕಾಲು ಗಂಟೆ ಮಾತಾಡಿದೆ. ಎರಡನೆಯ ಸಾಲಿನಲ್ಲಿ ಕೂತಿದ್ದ ಪುಟ್ಟಸ್ವಾಮಿ ಭಾವ, ಅಂದರೆ ನನ್ನ ಗಂಡನ ಅಣ್ಣ, ಎದ್ದು ನಿಂತರು.

‘‘ಎಲ್ಲಾ ಸರಿ ಕಣಮ್ಮ. ಸೋಮವಾರ ಬೆಳಗ್ಗೆ ಷಟರ್ ಎತ್ತಿದ್ಮೇಲೆ ನಾವೇನ್ ಮಾಡ್ಬೇಕು, ಅದ್ ಹೇಳು.’’

‘‘ಮೊದ್ಲು ಕರೆಂಟ್ ಇದ್ಯಾ ಅಂತ ನೋಡ್ಬೇಕು ಸಾರ್!’’ ಎಂದು ಹಿಂದಿನಿಂದ ಯಾರೋ ಕೂಗಿ, ಸಭೆ ನಕ್ಕು, ನಾನೂ ನಕ್ಕು ಪಾರಾದೆ. ಸಿದ್ಧತೆ ಎಂಬ ಶಬ್ದವನ್ನು ಅಷ್ಟು ಹೊತ್ತು ಬಳಸಿದವಳಿಗೆ ಸಿದ್ಧವಾಗುವುದು ಯಾವ ಕೈ, ಯಾವ ಕೆಲಸ ಎಂಬುದು ತಿಳಿದಿರಲಿಲ್ಲ.

ಭಾವನ ಪ್ರಶ್ನೆ ತಮಾಷೆಯದೂ ಆಗಿರಲಿಲ್ಲ. ಮೂರು ಲೇತುಗಳೂ ಒಂದು ಬೆಸುಗೆ ಯಂತ್ರವೂ ಇದ್ದ ಅವರ ವರ್ಕ್‌ಶಾಪು ಹಾಲಿನ ಡೈರಿಗಳಿಗೆ ಸ್ಟೀಲಿನ ತೊಟ್ಟಿ ಮಾಡಿಕೊಡುತ್ತಿತ್ತು. ಆ ಕೆಲಸ ಬೇರೆ ಊರಿಗೆ ಹೋಗಿಬಿಟ್ಟಿತ್ತು. ಷೆಡ್ಡಿನ ಒಡೆಯರಿಗೆ ಆ ಜಾಗದಲ್ಲಿ ಕಲ್ಯಾಣಮಂಟಪ ಕಟ್ಟುವ ಆಸೆ. ‘‘ಯುಗಾದಿವರ್ಗೂ ನೋಡ್ತೀನಿ, ಆಮೇಲೆ ಲೇತ್ ಮಾರ್ಬಿಡ್ತೀನಿ’’ ಎಂದು ಭಾವ ಹೇಳತೊಡಗಿದ್ದರು. ಮಾರಿದರೆ ಅವರಿಗೆ ಬೇಸರ, ಫಕೀರಪ್ಪನಿಗೆ ಬದುಕೇ ಇಲ್ಲ. ಗದಗಿನ ಕಡೆಯಿಂದ ಬಂದು, ಮೂಡಲಪಾಳ್ಯದಲ್ಲಿ ಮನೆ ಮಾಡಿಕೊಂಡು, ಇಪ್ಪತ್ತು ವರ್ಷ ಅದೇ ಲೇತಿನ ಮುಂದೆ ನಿಂತವನು ಅವನು. ಐವತ್ತು ದಾಟಿದ ಟರ್ನರನನ್ನು ಹೊಸದಾಗಿ ಯಾರು ಸೇರಿಸಿಕೊಳ್ಳುತ್ತಾರೆ?

ಆ ದಿನಗಳಲ್ಲೇ ನನ್ನ ಸಹಪಾಠಿ ಶ್ರೀಧರ ಸಿಕ್ಕಿದ. ಊರಿನ ಒಂದು ಸಂಶೋಧನಾಲಯದಲ್ಲಿ ಅವನು ಬೆಳಕಿನಿಂದ ಪರಮಾಣುಗಳನ್ನು ಹಿಡಿದು ನಿಲ್ಲಿಸುವ ಪ್ರಯೋಗ ಮಾಡುತ್ತಿದ್ದ. ಹೀಗೆ ನಿಂತ ಪರಮಾಣುಗಳೇ ಮುಂದೊಂದು ದಿನ ಲೆಕ್ಕ ಮಾಡುವ ಯಂತ್ರದ ಅಕ್ಷರಗಳಾಗುತ್ತವೆ. ಅವು ನಿಲ್ಲಬೇಕಾದರೆ ಸುತ್ತ ಏನೂ ಇರಕೂಡದು, ಗಾಳಿಯೂ. ಆ ‘ಏನೂ ಇಲ್ಲ’ವನ್ನು ತುಂಬಿಡಲು ಒಂದು ಸ್ಟೀಲಿನ ಪಾತ್ರೆ ಬೇಕು, ವಿದೇಶದಿಂದ ತರಿಸಿದರೆ ತಿಂಗಳುಗಟ್ಟಲೆ ಕಾಯಬೇಕು. ನಾನು ಭಾವನ ಹೆಸರು ಹೇಳಿದೆ. ಶ್ರೀಧರ ಬಂದು, ಫಕೀರಪ್ಪ ಬೆಸೆದ ಹಳೆಯ ತೊಟ್ಟಿಯೊಂದರ ಒಳಗೆ ತಲೆ ತೂರಿಸಿ ನೋಡಿ, ‘‘ಒಂದು ಮಾಡಿ ನೋಡೋಣ, ಸರಿಹೋದ್ರೆ ಇನ್ನೂ ಬೇಕಾಗತ್ತೆ’’ ಅಂದ.

ಪಾತ್ರೆಯ ಬಾಯಿಯ ಸುತ್ತ ಚಾಕುವಿನಂಥ ಒಂದು ಅಲಗು ಇರುತ್ತದೆ. ಅದು ತಾಮ್ರದ ಬಳೆಯೊಂದನ್ನು ಕಚ್ಚಿಕೊಂಡಾಗ ಗಾಳಿಗೆ ದಾರಿಯಿಲ್ಲ. ಆ ಅಲಗಿಗೆ ಗೀರು ಬೀಳಕೂಡದು, ಒಳಗೆ ಬೆರಳಿನ ಜಿಡ್ಡು ತಾಗಕೂಡದು. ತಾಗಿದರೆ ಅದು ದಿನಗಟ್ಟಲೆ ಮೆಲ್ಲಗೆ ಆವಿಯಾಗುತ್ತ ಶೂನ್ಯವನ್ನು ಕೆಡಿಸುತ್ತದೆ. ನಾನು ಇದನ್ನು ಅಣುಗಳ ಭಾಷೆಯಲ್ಲಿ ವಿವರಿಸಿ ಸುಸ್ತಾದ ಮೇಲೆ ಫಕೀರಪ್ಪ ಅಂದ: ‘‘ಅಂದ್ರ ಉಪ್ಪಿನಕಾಯಿ ಭರಣಿ ಇದ್ದಂಗ ಅನ್ರಿ ಅಕ್ಕಾರ. ಹಸಿ ಕೈ ಹಾಕಬಾರ್ದು.’’ ಅಷ್ಟೇ. ಮರುದಿನದಿಂದ ಅವನು ಕೈಗವಸಿಲ್ಲದೆ ಅದನ್ನು ಮುಟ್ಟಲಿಲ್ಲ, ಅದರ ಹತ್ತಿರ ತಂಬಾಕು ತಿಕ್ಕಲಿಲ್ಲ, ಯಾರಾದರೂ ಇಣುಕಿದರೆ ‘‘ದೂರ ನಿಂದರ್ರಿ, ಉಸಿರು ಬಿಡಬ್ಯಾಡ್ರಿ’’ ಎಂದು ಗದರಿಸಿದ. ಮೂರು ವಾರದಲ್ಲಿ ಪಾತ್ರೆ ಸಿದ್ಧವಾಗಿ, ತೊಳೆಸಿಕೊಂಡು, ಬೆಳ್ಳಿಯಂಥ ಹಾಳೆಯಲ್ಲಿ ಸುತ್ತಿಸಿಕೊಂಡು ಕೂತಿತು.

ಒಯ್ಯುವ ದಿನ ಶುಕ್ರವಾರ. ಶ್ರೀಧರ ಹನ್ನೊಂದಕ್ಕೆ ಬರುವವನಿದ್ದ, ನಾನು ಅರ್ಧ ಗಂಟೆ ಮೊದಲೇ ಹೋದೆ. ಬಾಗಿಲಲ್ಲೇ ಕರ್ಪೂರದ ವಾಸನೆ. ಮಣೆಯ ಮೇಲೆ, ಹಾಳೆ ಬಿಚ್ಚಿದ ಪಾತ್ರೆ. ಅದರ ಬಾಯಂಚಿನ ಮೇಲೆ, ಆ ಅಲಗಿಗೆ ತಾಗಿದಂತೆಯೇ, ಗಂಧ ಕಲಸಿದ ಅರಿಸಿನದ ಮೂರು ಬೊಟ್ಟು, ಅವುಗಳ ನಡುವೆ ಕುಂಕುಮ. ಒಳಗೆ ಒಂದು ಸೇವಂತಿಗೆ. ಆ ವರ್ಕ್‌ಶಾಪಿನಿಂದ ಯಾವ ಹೊಸ ಮಾದರಿಯ ಕೆಲಸವೂ ಪೂಜೆಯಾಗದೆ ಹೊರಗೆ ಹೋದದ್ದಿಲ್ಲ. ಫಕೀರಪ್ಪ ಸ್ನಾನ ಮಾಡಿ, ಒಗೆದ ಅಂಗಿ ತೊಟ್ಟು, ಹೊಸ ಕೈಗವಸು ಹಾಕಿಕೊಂಡೇ ಕುಂಕುಮ ಇಟ್ಟಿದ್ದ. ಮಡಿಯಲ್ಲಿ ಒಂದಿಷ್ಟೂ ಕುಂದಿಲ್ಲ.

ಬೆವರು, ಎಣ್ಣೆ, ತಂಬಾಕು, ಉಸಿರು ಎಲ್ಲವನ್ನೂ ನಾನು ಕೊಳೆಯ ಪಟ್ಟಿಗೆ ಸೇರಿಸಿದ್ದೆ. ಕುಂಕುಮವನ್ನು ಸೇರಿಸಿರಲಿಲ್ಲ. ಹೇಗೆ ಸೇರಿಸಲಿ? ನನಗೂ ಅದು ಕೊಳೆಯೆಂದು ಹೊಳೆದಿರಲಿಲ್ಲ. ಪಾತ್ರೆಯ ಒಳಗಿನ ಶೂನ್ಯಕ್ಕೆ ಮೈಲಿಗೆಯೂ ಒಂದೇ, ಮಡಿಯೂ ಒಂದೇ, ಎರಡೂ ಹೊರಗಿನ ವಸ್ತು ಎಂಬುದು ಎಷ್ಟು ಸಲೀಸಾದ ಭೌತಶಾಸ್ತ್ರವೋ ನಮ್ಮಂಥವರ ಮನಸ್ಸಿಗೆ ಅಷ್ಟೇ ಕಷ್ಟದ ಮಾತು.

ನನ್ನ ಮುಖ ನೋಡಿಯೇ ಫಕೀರಪ್ಪನಿಗೆ ತಪ್ಪು ತಿಳಿಯಿತು. ಮುಂದಿನದನ್ನು ನಾನು ಎಷ್ಟೋ ಸಲ ಹೀಗೆ ಹೇಳಿದ್ದೇನೆ: ‘ಶ್ರೀಧರನಿಗೆ ನಿಜ ಹೇಳಿಬಿಡೋಣ ಎಂದು ನಿಶ್ಚಯಿಸಿದೆವು.’ ದಿನಚರಿ ಹಾಗೆ ಹೇಳುವುದಿಲ್ಲ. ‘ಸ್ಪಿರಿಟ್ಟಿನಲ್ಲಿ ಒರೆಸಿ ಸುತ್ತಿಟ್ಟುಬಿಡಿ, ಗೊತ್ತಾಗುವುದಿಲ್ಲ ಎಂದೆ’ ಎಂದಿದೆ. ಎಂದೆ. ನಾನೇ.

‘‘ಇದೊಂದು ಆರ್ಡ್ರು ಹೋದ್ರೆ ಎಲ್ಲಾ ಹೋದಂಗೆ’’ ಎಂದು ಭಾವ ಬಟ್ಟೆ ಹುಡುಕಿದರು. ಬಟ್ಟೆ ಹಿಡಿದ ಅವರ ಕೈಯನ್ನು ತಡೆದವನು ಫಕೀರಪ್ಪ.

‘‘ಬ್ಯಾಡ್ರಿ ಸಾವಕಾರ್ರ. ಹಾಲಿನ ತೊಟ್ಟ್ಯಾಗ ಸೂಜಿಯಷ್ಟು ತೂತ ಇದ್ರೂ ನಾವು ಮುಚ್ಚಿ ಕೊಟ್ಟಿಲ್ಲ. ಹಚ್ಚಿದಾಂವ ನಾ, ನಾನ ಹೇಳ್ತೀನಿ.’’

ಶ್ರೀಧರ ಒಳಗೆ ಕಾಲಿಟ್ಟ ಕೂಡಲೇ ಫಕೀರಪ್ಪ ಹೇಳಿಯೇಬಿಟ್ಟ: ‘‘ಸರ, ತಪ್ಪಾಗೇತಿ. ಪೂಜಿ ಮಾಡಿ ಕುಂಕುಮ ಹಚ್ಚೀನಿ, ಒಳಗ ಹೂವೂ ಇಟ್ಟಿದ್ದೆ. ಕರ್ಪೂರದ ಹೊಗಿನೂ ಹೊಕ್ಕಿರಬೇಕು.’’

ಶ್ರೀಧರ ಜೇಬಿನಿಂದ ಭೂತಗನ್ನಡಿ ತೆಗೆದು ಅಲಗನ್ನು ಸುತ್ತಲೂ ನೋಡಿದ. ಭಾವ ಗೋಡೆಯ ಕ್ಯಾಲೆಂಡರನ್ನೇ ನೋಡುತ್ತ ನಿಂತಿದ್ದರು.

‘‘ಗೀರಿಲ್ಲ’’ ಅಂದ ಕೊನೆಗೆ. ‘‘ಕುಂಕುಮ ಎಣ್ಣೇಲಿ ಕಲಸಿದ್ರಾ, ನೀರಲ್ಲಾ?’’

‘‘ನೀರಾಗರಿ ಸರ.’’

‘‘ಒರೆಸಿದೀರಾ?’’

‘‘ಮುಟ್ಟಿಲ್ಲರಿ.’’

‘‘ಸದ್ಯ!’’ ಎಂದು ಅವನು ಕುರ್ಚಿಗೆ ಕುಸಿದ. ‘‘ಒರೆಸಿ ಕೊಟ್ಟಿದ್ರೆ ತೆಳ್ಳಗೆ ಎಲ್ಲಾ ಕಡೆ ಹರಡಿರೋದು. ನಾನು ಗೊತ್ತಿಲ್ದೆ ಹಾಗೇ ಬಿಸಿ ಮಾಡಿರ್ತಿದ್ದೆ, ಅದು ಸ್ಟೀಲಿಗೆ ಬೆಂದು ಕೂತ್ಬಿಡ್ತಿತ್ತು. ಏನಿದೆ ಅಂತ ಗೊತ್ತಿದ್ರೆ ತೊಳೀಬಹುದು.’’ ಆಮೇಲೆ ನನ್ನ ಕಡೆ ತಿರುಗಿ, ‘‘ನೀನು ಮೇಷ್ಟ್ರಮ್ಮ ಕಣೇ, ಪೂಜೆ ವಿಷಯ ಮೊದ್ಲೇ ಹೇಳೋದಲ್ವಾ?’’ ಎಂದ. ಬಟ್ಟೆಯ ವಿಷಯವನ್ನು ನಾನು ಅವನಿಗೆ ಅಂದೂ ಹೇಳಲಿಲ್ಲ.

ಪಾತ್ರೆ ಹೋಯಿತು. ತೊಳೆದು, ಹಲವು ದಿನ ಬಿಸಿಯಲ್ಲಿಟ್ಟು, ಗಾಳಿ ಎಳೆದು, ಸೋರುತ್ತದೆಯೇ ಎಂದು ನೋಡಬೇಕು. ಆ ದಿನಗಳಲ್ಲಿ ಫಕೀರಪ್ಪ ಲೇತು ಮುಟ್ಟಲಿಲ್ಲ, ಅದನ್ನು ಒರೆಸುತ್ತ ಕೂತಿದ್ದ. ನಾನು ತರಗತಿಯಲ್ಲಿ ಹಲಗೆಯ ಮೇಲೆ ಸಮೀಕರಣ ಬರೆಯುತ್ತ, ಯುಗಕ್ಕೆ ಸಿದ್ಧರಾಗಿ ಎಂದು ಊರಿಗೆಲ್ಲ ಬೋಧಿಸಿದವಳು ತಪ್ಪು ಎದುರಾದ ಕ್ಷಣದಲ್ಲಿ ಬಟ್ಟೆ ಹುಡುಕಿಸಿದೆನಲ್ಲ ಎಂದು ಯೋಚಿಸುತ್ತಿದ್ದೆ. ಬರಲಿರುವ ಯಂತ್ರಗಳಿಗೆ ಕಾನೂನು ಬೇಕು, ಪಠ್ಯ ಬೇಕು, ಹೊಸ ಬೀಗಗಳು ಬೇಕು, ಎಲ್ಲವೂ ನಿಜ. ಅವು ಬರುವ ಮುಂಚೆಯೇ ಬೇಕಾದ ಒಂದು ಸಿದ್ಧತೆ ಹಾಲಿನ ತೊಟ್ಟಿ ಬೆಸೆಯುವವನಲ್ಲಿತ್ತು, ನನ್ನಲ್ಲಿರಲಿಲ್ಲ.

ಎರಡನೆಯ ವಾರದ ಬುಧವಾರ ಮಧ್ಯಾಹ್ನ ಭಾವನ ಮೊಬೈಲಿಗೆ ಫೋನು ಬಂತು. ನಾನು ಅಲ್ಲೇ ಇದ್ದೆ. ಇದು ದಿನಚರಿಯಲ್ಲೂ ಇದೆ. ‘‘ಸೋರ್ತಾ ಇಲ್ಲ ಸಾರ್. ಒಳಗಿನ ಶೂನ್ಯ ಎರಡು ದಿನದಿಂದ ಹಂಗೇ ನಿಂತಿದೆ’’ ಎಂದ ಶ್ರೀಧರನ ದನಿ ನನಗೂ ಕೇಳಿಸಿತು. ಭಾವ ಫೋನನ್ನು ಫಕೀರಪ್ಪನ ಕಿವಿಗೆ ಹಿಡಿದು, ತಾವು ಹೊರಗೆ ಹೋಗಿ ಬಿಸಿಲಲ್ಲಿ ನಿಂತು ಮೂಗು ಒರೆಸಿಕೊಂಡರು. ಫಕೀರಪ್ಪ ಕೇಳಿಸಿಕೊಂಡು, ಗಟ್ಟಿಯಾಗಿ ನಕ್ಕು, ಆಮೇಲೆ ಅಳುಕುತ್ತ ಕೇಳಿದ: ‘‘ಸರ, ಮುಂದಿಂದು ಪೂಜಿ ಮಾಡಲಾರ್ದ ಕಳಸಾಕ ಮನಸ್ಸು ಬರೂದಿಲ್ರಿ. ಏನ್ ಮಾಡ್ಲಿ?’’

ಅದಕ್ಕೆ ಉತ್ತರ ಫೋನಿನಲ್ಲಿ ಬರಲಿಲ್ಲ. ಮುಂದಿನ ವಾರ ಇನ್ನೆರಡು ಪಾತ್ರೆಗಳ ನಕ್ಷೆ ಬಂತು. ಅಳತೆಗಳು, ಕೋನಗಳು, ಕೂದಲೆಳೆಯಷ್ಟೂ ತಪ್ಪಬಾರದ ಅಂಕಿಗಳು. ಅವುಗಳ ನಡುವೆ, ಪಾತ್ರೆ ನಿಲ್ಲುವ ಪೀಠದ ಹೊರಗಿನ ಕಾಲಿಗೆ ಅಚ್ಚುಕಟ್ಟಾಗಿ ಎಳೆದ ಒಂದು ಬಾಣದ ಗುರುತು. ಅದರ ತುದಿಯಲ್ಲಿ ಶ್ರೀಧರ ಕನ್ನಡದಲ್ಲಿ ಬರೆದಿದ್ದ: ‘ಕುಂಕುಮ ಇಲ್ಲಿ.’