ಮಾಸ್ತರರು ಬರೆದ ಹುಟ್ಟುಹಬ್ಬ

“ಸರ, ಈಕಿ ಹುಟ್ಟಿದ ತಾರೀಕನೂ ಸಾಲಿ ಮಾಸ್ತರ ಬರದಿದ್ದೇನ್ರೀ?”

ಗಿರಿಜವ್ವನ ಪ್ರಶ್ನೆ ಕೇಳಿ ನಾನು ಸೀಮೆಸುಣ್ಣ ಹಿಡಿದೇ ಹಲಗೆಯಿಂದ ಇತ್ತ ತಿರುಗಿದೆ. ತೊಂಬತ್ತರ ದಶಕದಲ್ಲಿ ಬನಹಟ್ಟಿಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದೆ. ಅಂದು ಡಿಸೆಂಬರ್ ಒಂಬತ್ತು. ಕಂಪ್ಯೂಟರಿಗೆ ಇಂಗ್ಲಿಷ್ ಪದಗಳಲ್ಲೇ ಆಜ್ಞೆ ಕೊಡುವ ದಾರಿ ಹುಡುಕಿದ ವಿಜ್ಞಾನಿಯೊಬ್ಬಳು ಹುಟ್ಟಿದ್ದು ಅದೇ ದಿನ. ಎಷ್ಟೋ ವರ್ಷಗಳ ಮೇಲೆ ಬೇರೊಬ್ಬ ವಿಜ್ಞಾನಿ ಜನರೆದುರು ಕಂಪ್ಯೂಟರ್ ಮೌಸನ್ನು ಆಡಿಸಿ ತೋರಿಸಿದ್ದೂ ಅದೇ ತಾರೀಕಿನಂದು ಎಂದು ಹಲಗೆಯ ಮೇಲೆ ಬರೆದಿದ್ದೆ.

ಗಿರಿಜವ್ವ ಮಗ್ಗದ ಕೆಲಸ ಮುಗಿಸಿ ತರಗತಿಗೆ ಬರುತ್ತಿದ್ದವಳು. “ನಮ್ಮ ಓಣ್ಯಾಗ ಎಲ್ಲಾರೂ ಜೂನ್ ಒಂದಕ್ಕ ಹುಟ್ಟೇವ್ರೀ. ಸಾಲಿಗೆ ಹಚ್ಚುವಾಗ ಮಾಸ್ತರ ಹಂಗ ಬರಕೊಂಡಾರ. ಅದಕ್ಕ ಕೇಳಿದೆ,” ಅಂದಳು. ತರಗತಿ ನಕ್ಕಿತು. ನನಗೆ ನಗಲಾಗಲಿಲ್ಲ. ನನ್ನ ಸರ್ಟಿಫಿಕೇಟಿನಲ್ಲಿದ್ದದ್ದೂ ಜೂನ್ ಒಂದೇ.

ಆ ಭಾನುವಾರ ನಮ್ಮೂರು ಚಿಮ್ಮಡಕ್ಕೆ ಹೋಗಿ, ನಾನು ನಿಜವಾಗಿ ಹುಟ್ಟಿದ ದಿನ ಯಾವುದೆಂದು ನನ್ನನ್ನು ಸಾಕಿದ ದೊಡ್ಡವ್ವನನ್ನು ಕೇಳಿದೆ.

“ತಾರೀಕು ನನಗೇನ ತಿಳೀತೈತಿ ತಮ್ಮಾ? ಜ್ವಾಳದ ರಾಶಿ ನಡದಿತ್ತು. ನೀ ಹುಟ್ಟಿದ ಸುದ್ದಿ ಕೇಳಿ ನಿಮ್ಮಪ್ಪ ರಾಶಿ ಬಿಟ್ಟು ಓಡಿ ಬಂದಾ. ಮೈತುಂಬ ಹೊಟ್ಟು. ಹಂಗ ನಿನ್ನ ಎತ್ತಿಕೊಂಡಾ. ನಿಮ್ಮವ್ವ ಮಲಗಿದಲ್ಲಿಂದನ ಬೈದ್ಲು, ‘ಮೊದಲ ಮೈ ತೊಳಕೊಂಡು ಬರ್ರಿ’ ಅಂತ.”

ನಾನು ಕೂಸಾಗಿದ್ದಾಗಲೇ ತೀರಿಕೊಂಡ ಅಪ್ಪ ಅವ್ವನ ಮುಖ ನನಗೆ ನೆನಪಿಲ್ಲ. ತಾರೀಕು ಇಂದಿಗೂ ಸಿಕ್ಕಿಲ್ಲ. ಆದರೆ ನಾವು ಮೂವರೂ ಒಂದೇ ಕೋಣೆಯಲ್ಲಿದ್ದ ಒಂದು ದಿನ ಈಗ ನನ್ನ ಹತ್ತಿರ ಇದೆ.