ಪಾರ್ವತಕ್ಕ ಟೈಪ್ ಮಾಡದ ಪದ

ಬೆಳಿಗ್ಗೆ ಕಂಪ್ಯೂಟರಿನಲ್ಲಿ ತಾನು ಟೈಪ್ ಮಾಡಿದ್ದನ್ನು ಕಿಟಕಿಯಿಂದ ಆಚೆ ತಲೆ ಹಾಕಿ ಕೂಗಿ ಹೇಳುವ ಹೆಂಗಸನ್ನು ನಾನು ಬೇರೆಲ್ಲೂ ಕಂಡಿಲ್ಲ. ತಿಪಟೂರಿನ ಅಂಚಿನ, ಲೋಡ್ ಗಾಡಿ ತೂಗುವ ವೇಬ್ರಿಡ್ಜ್‌ನಲ್ಲಿ ಪಾರ್ವತಕ್ಕ ದಿನವೂ ಹಾಗೇ ಮಾಡುತ್ತಿದ್ದಳು. "ಸ್ಕೇಲ್ ಅಂತ ಹೊಡ್ದಿದೀನಿ ಕಣ್ರಪ್ಪಾ! ಮ್ಯಾನುಯಲ್ ಅಂತ ಹೊಡ್ದಿಲ್ಲ! ಬನ್ನಿ!" ಸಾಲುಗಟ್ಟಿದ ತೆಂಗಿನಕಾಯಿ ಟ್ರ್ಯಾಕ್ಟರುಗಳ ಡ್ರೈವರುಗಳು, "ಅಕ್ಕನ ಮಂತ್ರ ಆಯ್ತು, ಗಾಡಿ ಹತ್ಸಲಾ" ಎಂದು ನಗುತ್ತಿದ್ದರು.

ಆ ತೂಕದ ಪ್ರೋಗ್ರಾಮ್ ತುಂಬ ಹಳೆಯದು. ಕಪ್ಪು ಪರದೆಯಲ್ಲಿ ಅದರ ಹೆಸರು ಬರೆದು, ಮುಂದೆ ಎರಡು ಅಡ್ಡಗೆರೆ ಹಾಕಿ, ಒಂದು ಪದ ಸೇರಿಸಿ ಎಬ್ಬಿಸಬೇಕಿತ್ತು. 'ಸ್ಕೇಲ್' ಎಂದರೆ ತೂಕ ನೇರವಾಗಿ ಕಾಟಾದಿಂದಲೇ ಬರುತ್ತದೆ, ನಾವು ಮುಟ್ಟುವಂತಿಲ್ಲ. 'ಮ್ಯಾನುಯಲ್' ಎಂದರೆ ಯಾವ ತೂಕ ಬೇಕಾದರೂ ಕೈಯಾರೆ ತುಂಬಬಹುದು. ರಿಪೇರಿ ಮಾಡುವವರಿಗೆಂದು ಇಟ್ಟ ಪದ ಅದು. ವೇಬ್ರಿಡ್ಜಿನ ಯಜಮಾನರು ತಾವೇ ಕಾಯಿ ಕೊಳ್ಳುವವರೂ ಆಗಿದ್ದರಿಂದ ಅವರಿಗೆ ಆ ಪದದ ಮೇಲೆ ಬಲು ಪ್ರೀತಿ.

ನಾನು ಕೆಲಸಕ್ಕೆ ಸೇರಿದ ದಿನವೇ ಪಾರ್ವತಕ್ಕ ಹೇಳಿದ್ದಳು: "ಎದ್ದೇಳೋವಾಗ ಅದ್ರ ಕಿವೀಲಿ ಏನು ಹೇಳ್ತೀವೋ, ಇಡೀ ದಿನ ಅದು ಹಂಗೇ ನಡ್ಕೊಳ್ಳೋದು ಕಣೇ. ನೋಡ್ಕೊಂಡು ಹೇಳು."

ಹುಳಿಯಾರಿನ ಕಡೆಯ ಹಟ್ಟಿಯಲ್ಲಿ ಕುರಿ ಸಾಕುವ ಮನೆಯವಳು ಅವಳು. ಸಣಕಲು ಮೈ, ಕಂಚಿನ ಕಂಠ. ಒಮ್ಮೆ ಕಾಟಾದ ವೈರನ್ನು ಇಲಿ ಕಡಿಯಿತು. ಹೊರಗೆ ಒಂಬತ್ತು ಗಾಡಿ. "ಮ್ಯಾನುಯಲ್ ಹಾಕಮ್ಮ, ಅಂದಾಜು ಗೊತ್ತಾಗಲ್ವಾ?" ಎಂದು ಯಜಮಾನರು ರೇಗಿದರು. ಅವಳು ಕುರ್ಚಿಯಿಂದ ಎದ್ದೇ ಬಿಟ್ಟಳು. "ಅಂದಾಜಿಗೆ ನಾನ್ಯಾಕ್ರೀ, ಕಂಪ್ಯೂಟರ್ ಯಾಕ್ರೀ? ನೀವೇ ಕಣ್ಣಲ್ಲಿ ತೂಗ್ರಿ." ಒಂಬತ್ತೂ ಗಾಡಿಯನ್ನು ಬೇರೆ ಕಡೆ ಕಳಿಸಿ, ವೈರ್ ಜೋಡಿಸುವವನು ಬರುವ ತನಕ ಬಾಗಿಲಲ್ಲಿ ಕೂತು ಎಲೆಅಡಿಕೆ ಹಾಕಿಕೊಂಡಳು.

ಯಜಮಾನರೇನು ಕಡಿಮೆಯೇ? ಪರದೆಯ ಮೇಲೆ ಒಂದು ಚೆಂದದ ಐಕಾನ್ ಹಾಕಿಸಿದರು. ಒತ್ತಿದರೆ ಸಾಕು, ಟೈಪ್ ಮಾಡುವ ತಾಪತ್ರಯವಿಲ್ಲ. ಪಾರ್ವತಕ್ಕ ಅದನ್ನು ಒತ್ತದೆ ಅದರ ಒಳವಿವರ ತೆರೆದು ನೋಡಿದಳು. ಮ್ಯಾನುಯಲ್ ಎಂಬ ಪದ ಅಲ್ಲಿ ಅಡಗಿ ಕೂತಿತ್ತು. ಐಕಾನನ್ನೇ ಅಳಿಸಿದಳು. ಎರಡು ದಿನಕ್ಕೆ ಐಕಾನ್ ಮತ್ತೆ ಬಂತು; ಮತ್ತೆ ಅಳಿಸಿದಳು. "ಪಾರ್ಥೇನಿಯಂ ಕಣೇ ಇದು, ಕಿತ್ತಷ್ಟೂ ಹುಟ್ಟುತ್ತೆ. ಹುಟ್ಲಿ ಬುಡು, ನನ್ ಕೈಯೇನು ಸವ್ದೋಗಲ್ಲ."

ಅವಳು ಎರಡು ದಿನ ರಜೆ ಹಾಕಿದಾಗ ಮತ್ತೆ ಹುಟ್ಟಿಕೊಂಡಿದ್ದ ಆ ಐಕಾನನ್ನು ನಾನು ಒತ್ತಿದೆ. ಹೆದರಿಕೆಯಿಂದಲೇ ಒತ್ತಿದೆ, ಸುಳ್ಳೇಕೆ ಹೇಳಲಿ. ಯಜಮಾನರು ಬೆನ್ನ ಹಿಂದೆ ನಿಂತು ಹೇಳಿದ ತೂಕವನ್ನೇ ತುಂಬಿದೆ. ಕಾಯಿ ತಂದಿದ್ದ ಕೆಂಕೆರೆಯ ರಂಗಪ್ಪ ತೂಕದ ಚೀಟಿ ಹಿಡಿದು, "ಅವ್ವಾ, ನಮ್ ಕಾಯಿ ಇಷ್ಟೇನಾ?" ಎಂದು ಕೇಳುತ್ತಿರುವಾಗ ಪಾರ್ವತಕ್ಕ ಒಳಗೆ ಬಂದಳು. ರಜೆ ಮುಗಿಯುವ ಮೊದಲೇ ಬಂದಿದ್ದಳು.

ಪರದೆ ನೋಡಿದಳು. ಪ್ರೋಗ್ರಾಮ್ ಮುಚ್ಚಿದಳು. ತನ್ನ ಸಾಲು ಟೈಪ್ ಮಾಡಿ, ಗಾಡಿಯನ್ನು ಮತ್ತೆ ತೂಗಿದಳು. ಎರಡು ಕ್ವಿಂಟಾಲ್ ಜಾಸ್ತಿ ಬಂತು. ಎರಡೂ ಚೀಟಿಯನ್ನು ರಂಗಪ್ಪನ ಕೈಗೆ ಕೊಟ್ಟು, "ಎಲ್ರಿಗೂ ತೋರ್ಸಣ್ಣ" ಎಂದಳು. "ನಾಳೆಯಿಂದ ಬರ್ಬೇಡ" ಎಂದರು ಯಜಮಾನರು. "ನಾಳೆ ಯಾಕ್ರೀ, ಈಗ್ಲೇ ಹೋಯ್ತೀನಿ" ಎಂದು ಚೀಲ ಹೆಗಲಿಗೇರಿಸಿದಳು.

ಬಸ್ ನಿಲ್ಲುವಲ್ಲಿಗೆ ಅವಳ ಹಿಂದೆ ಓಡಿದೆ. "ಅಕ್ಕಾ, ಯಜಮಾನ್ರು ಹೇಳಿದ್ರು, ಅದಕ್ಕೇ…"

"ಹೇಳಿದ್ದು ಅವ್ರು. ಒತ್ತಿದ್ದು ಯಾರೇ?" ಎಂದಳು. ಸಿಟ್ಟಿನಿಂದ ಕೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಹುಳಿಯಾರಿನ ಬಸ್ ಬಂತು, ಹತ್ತಿದಳು. ಆಮೇಲೆ ನಾನು ಅವಳನ್ನು ನೋಡಿಲ್ಲ.

ನಾಲ್ಕು ದಿನ ಐಕಾನಿನ ಮಾತೆತ್ತದ ಯಜಮಾನರು ಐದನೆಯ ಬೆಳಿಗ್ಗೆ ಬೆನ್ನ ಹಿಂದೆ ಬಂದು ನಿಂತರು. "ಹೂಂ, ಐಕಾನ್ ಒತ್ತಮ್ಮ" ಎಂದರು. ನಾನು ಮೌಸನ್ನು ಅವರ ಕಡೆಗೆ ತಳ್ಳಿದೆ.

"ನೀವೇ ಒತ್ತಿ" ಎಂದೆ.