ಕೀಲಿ ತೆಗೆಸಿದ ಸಿನೆಮಾ

ಮೊದಲು ನಡುಗಿದ್ದು ಬಲಗೈ. ನನ್ನ ಗಂಡ ಬೈಲಹೊಂಗಲದ ಪೇಟೆಯಲ್ಲಿ ಗಡಿಯಾರ ರಿಪೇರಿ ಮಾಡುತ್ತಾರೆ. ಒಂದು ಮುಂಜಾನೆ ಚಹಾದ ಬಸಿ ಹಿಡಿಯಲಾರದೆ ಧೋತರದ ಮೇಲೆ ಚೆಲ್ಲಿಕೊಂಡರು. ನಿದ್ದೆಗೆಟ್ಟಿದ್ದಕ್ಕೆ ಹೀಗೆ ಅಂದರು. ನಾನು ನಂಬಿದೆ. ಸಾರಾಯಿ ಒಳಗೆ ಹೋದ ಮೇಲೆ ಅದೇ ಕೈ ಕೂದಲಿನಷ್ಟು ಸಣ್ಣ ಸ್ಪ್ರಿಂಗನ್ನು ಅಲುಗದೆ ಕೂಡಿಸುತ್ತದೆ ಎಂಬುದು ಗೊತ್ತಾಗಲು ಬಹಳ ದಿನ ಹಿಡಿಯಿತು.

ನಮ್ಮದು ಸಂಪಗಾಂವದ ಪುರೋಹಿತರ ಮನೆತನ. ಅತ್ತೆಗೆ ಮಗನ ಕುಡಿತಕ್ಕಿಂತ ಅದರ ಸುದ್ದಿಯ ಅಂಜಿಕೆ ಹೆಚ್ಚು. ಕೈ ಯಾಕೆ ನಡುಗುತ್ತದೆ ಎಂದು ಯಾರಾದರೂ ಕೇಳಿದರೆ ಪಿತ್ತ ಎನ್ನುತ್ತಿದ್ದೆವು.

ಆ ದಿನಗಳಲ್ಲೇ ಪಕ್ಕದ ಮನೆಯ ಶಾಂತಕ್ಕ ನನ್ನನ್ನು ಮಧ್ಯಾಹ್ನದ ಆಟಕ್ಕೆ ಕರೆದುಕೊಂಡು ಹೋದರು. ಹಳೆಯ ಕಪ್ಪು-ಬಿಳುಪು ಹಿಂದಿ ಚಿತ್ರ, ಊರೂರು ತಿರುಗಿ ಮತ್ತೆ ಬಂದಿತ್ತು. ಕುಡುಕನ ಕಥೆ ಎಂದು ಗೊತ್ತಿದ್ದರೆ ನಾನು ಹೋಗುತ್ತಿರಲಿಲ್ಲ. ನಾನು ಕಂಡ ಸಿನೆಮಾಗಳಲ್ಲಿ ಕುಡುಕನೆಂದರೆ ನಗಿಸುವವನು, ಇಲ್ಲವೆ ಹೆಂಡತಿಯನ್ನು ಹೊಡೆಯುವವನು. ಇವನು ಒಳ್ಳೆಯವ. ಮಗಳಿಗೆ ಜಡೆ ಹಾಕುತ್ತಾನೆ, ಹಾಕುತ್ತಲೇ ಅವನ ಬೆರಳು ನಡುಗುತ್ತವೆ. ಕುಡಿತ ಬಿಡುತ್ತೇನೆ, ನನ್ನನ್ನು ಕೂಡಿಹಾಕು ಎಂದು ತಾನೇ ಹೆಂಡತಿಯನ್ನು ಬೇಡುತ್ತಾನೆ. ಅಲ್ಲಿಂದ ಮುಂದೆ ಹಾಡಿಲ್ಲ, ವಾದ್ಯವಿಲ್ಲ. ಮುಚ್ಚಿದ ಬಾಗಿಲ ಹೊರಗೆ ಹೆಂಡತಿಯ ಮುಖವನ್ನಷ್ಟೇ ತೋರಿಸುತ್ತಾರೆ. ಒಳಗೆ ಅವನು ಇಲ್ಲದವರೊಡನೆ ಮಾತಾಡುವುದು ಕೇಳುತ್ತದೆ. ಒಮ್ಮೆ ಮಾತ್ರ ಒಳಗೆ ಕಾಣುತ್ತದೆ: ಬೆವರಿನಲ್ಲಿ ತೊಯ್ದವನು ಚಾದರದಿಂದ ಇಲ್ಲದ ಎಳೆಗಳನ್ನು ಕೀಳುತ್ತಿದ್ದಾನೆ. ಥಿಯೇಟರಿನಲ್ಲಿ ಕೆಲವರು ನಕ್ಕರು. ಆಮೇಲೆ ಒಳಗಿನ ಸದ್ದು ನಿಂತಿತು. ಗಂಡನಿಗೆ ನಿದ್ದೆ ಹತ್ತಿತೆಂದು ಅವಳು ಗೋಡೆಗೆ ಒರಗಿದಳು.

ಬಾಗಿಲು ತೆಗೆದಾಗ ಅವನು ಸತ್ತಿದ್ದ.

ಯಾರನ್ನೂ ಬೈಯದ ಚಿತ್ರ ಅದು. ಅವನನ್ನು ದುಷ್ಟನಾಗಿಸದೆ, ಅವಳನ್ನು ದೇವಿ ಮಾಡದೆ, ಒಂದು ಮನೆಯ ಅಂಜಿಕೆಯನ್ನು ಇದ್ದಂತೆ ತೋರಿಸಿತ್ತು. ಬಿಸಿಲಿಗೆ ಬಂದಾಗಲೂ ಶಾಂತಕ್ಕ ನನ್ನ ಕೈ ಬಿಟ್ಟಿರಲಿಲ್ಲ. "ನನಗ ಗೊತ್ತದ" ಅಂದರು, ಅಷ್ಟೇ.

ಶ್ರಾವಣದಲ್ಲಿ ನನ್ನ ಗಂಡ ಕುಡಿತ ಬಿಡುತ್ತೇನೆಂದು ದೇವರ ಮುಂದೆ ಆಣೆ ಮಾಡಿದರು. ಆಣೆ ಮುರಿಯಬಾರದೆಂದು ಅತ್ತೆ ಮಗನನ್ನು ಒಳಕೋಣೆಗೆ ಕಳಿಸಿ, ಕೀಲಿ ಹಾಕಿ, ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ನಾನು ಸಿನೆಮಾದ ಮಾತೆತ್ತಿದರೆ ಅಮಂಗಳ ನುಡಿಯಬೇಡ ಎಂದು ಬಾಯಿ ಮುಚ್ಚಿಸಿದರು. ಎರಡು ದಿನ ವಾಂತಿ, ಬೆವರು. ಮೂರನೆಯ ಮುಂಜಾನೆ ಕಿಟಕಿಯಿಂದ ಇಣುಕಿದೆ. ನೆಲದ ಮೇಲೆ ಕೂತು ಚಾಪೆಯಿಂದ ಏನನ್ನೋ ಹೆಕ್ಕುತ್ತಿದ್ದರು. ಗಡಿಯಾರದ ಚಕ್ರ ಬಿದ್ದಾವ, ತುಳೀಬ್ಯಾಡ ಅಂದರು. ಚಾಪೆಯ ಮೇಲೆ ಏನೂ ಇರಲಿಲ್ಲ.

ನಾನು ಯಾರೆಂದು ಕೇಳಿದರು.

"ಅತ್ತೀ, ಕೀಲಿ ಕೊಡ್ರಿ" ಅಂದೆ.

"ಇವತ್ತೊಂದು ದಿನ ತಡಿ. ಇಳೀತದ."

"ಇಳಿಯೂದಿಲ್ಲ. ಅವರು ಒಳಗ ಸುಮ್ಮನಾದ್ರ ಜೀವ ಹೋದಂಗ. ಕೊಡ್ರಿ, ಇಲ್ಲಂದ್ರ ಓಣಿಯವರನ್ನ ಕರೀತೇನಿ."

ಅಂಥ ಮಾತು ಅವರೆದುರು ನಾನು ಎಂದೂ ಆಡಿರಲಿಲ್ಲ. ಅತ್ತೆ ಕೀಲಿಕೈಯನ್ನು ನನ್ನ ಕೈಗೆ ಹಾಕಿ ಅಲ್ಲೇ ಕುಸಿದು ಕೂತರು.

ಊರ ಡಾಕ್ಟರು ಬಂದು ನೋಡಿದರು. ಕುಡಿತವನ್ನು ಒಮ್ಮೆಲೇ ಬಿಟ್ಟದ್ದರಿಂದ ವಿತ್‌ಡ್ರಾವಲ್, ಈಗ ಡಿಲೀರಿಯಮ್‌ಗೆ ತಿರುಗಿದೆ, ಭ್ರಮೆ ಹಿಡಿದಿದೆ, ಜೀವಕ್ಕೆ ಅಪಾಯ ಎಂದರು. ಇಂಜೆಕ್ಷನ್ ಕೊಟ್ಟು, ಧಾರವಾಡಕ್ಕೆ ಒಯ್ಯಲು ಬಾಡಿಗೆ ಕಾರು ತರಿಸಿದರು. ದಾರಿಯಲ್ಲಿ ಫಿಟ್ಸ್ ಬಂತು. ಜೊತೆಗೆ ಬಂದಿದ್ದ ಶಾಂತಕ್ಕ ನನ್ನ ಗಂಡನ ತಲೆಯನ್ನು ಒಂದು ಮಗ್ಗುಲಿಗೆ ಹಿಡಿದುಕೊಂಡರು. ನಾನು ಉಸಿರನ್ನೇ ನೋಡುತ್ತಿದ್ದೆ. ಬಂತು. ಮತ್ತೆ ಬರುತ್ತದೆಯೇ? ಬಂತು.

ವಾರ್ಡಿನಲ್ಲಿ ಕೈಕಾಲು ಕಟ್ಟಿ ಸಲೈನ್ ಏರಿಸಿದರು. ನನ್ನ ಹೆಸರು ಹಿಡಿದು ಅವರು ನೀರು ಕೇಳುವವರೆಗೆ ನಾನು ಆ ಮಂಚದ ಬಳಿಯಿಂದ ಏಳಲಿಲ್ಲ. ಇದು ಬರಿಯ ಚಟವಲ್ಲ, ರೋಗ. ಬಿಡಿಸುವುದೂ ಆಸ್ಪತ್ರೆಯಲ್ಲೇ ಆಗಬೇಕು ಎಂದು ದೊಡ್ಡ ಡಾಕ್ಟರು ಮಗನನ್ನು ನೋಡಲು ಬಂದ ಅತ್ತೆಗೆ ತಿಳಿಸಿ ಹೇಳಿದರು. ಅವರು ಗುಣವಾಗಿದ್ದಾರೆಯೇ ಎಂದು ನಾನು ಕೇಳಿದೆ.

"ಇವತ್ತಿಗೆ ಆಗ್ಯಾರ ಅನ್ರಿ" ಅಂದರು.

ಈಗ ದೀಪಾವಳಿ ಕಳೆದಿದೆ. ಅವರು ಮತ್ತೆ ಅಂಗಡಿ ತೆರೆದಿದ್ದಾರೆ. ಸಂಜೆ ಬರುವುದು ಸ್ವಲ್ಪ ತಡವಾದರೂ ನಾನು ಬಾಗಿಲಿಗೆ ಬಂದು ನಿಲ್ಲುತ್ತೇನೆ. ಮೊನ್ನೆ ತಡವಾಗಿಯೇ ಬಂದರು. ನಾನು ಕೇಳುವ ಮೊದಲೇ ಹೇಳಿದರು.

"ಸಾರಾಯಿ ಅಂಗಡಿತನಕ ಹೋಗಿದ್ದೆ. ಹೊರಗ ನಿಂತು ತಿರುಗಿ ಬಂದೆ."

ಅಲ್ಲಿತನಕ ಹೋಗಿದ್ದರೆಂದು ಕೇಳಿ ಅಂಜಿದೆ. ಆದರೆ ಇಷ್ಟು ವರ್ಷದಲ್ಲಿ ಕುಡಿತದ ಬಗ್ಗೆ ಅವರು ತಾವಾಗಿ ನನಗೆ ಹೇಳಿದ ಮೊದಲ ನಿಜ ಅದು. ತಾಟು ಹಾಕಿದೆ. ಅವರ ಊಟ ಮುಗಿಯುವವರೆಗೆ ಕಾಯದೆ, ಪಕ್ಕದಲ್ಲೇ ಕೂತು ನಾನೂ ಉಂಡೆ.